ಟೇಪಿನ ಅಂಟಿನಲ್ಲಿದ್ದ ಬಿಳಿ ಪುಡಿ

"ನಮ್ಮಣ್ಣ ಆತುರಗಾರ ಅಲ್ಲ, ದೊಡ್ಡಮ್ಮ. ಹಾಲು ಕಾಯಿಸೋಕೆ ಇಟ್ರೂ ಉಕ್ಕೋವರೆಗೆ ಕಣ್ಣು ಕೀಳದೆ ಕೂರೋ ಮನುಷ್ಯ."

ಹಾಗೆ ಹೇಳುವಾಗ ಆಕೆ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಮುಖ ಎಲ್ಲಿಟ್ಟುಕೊಳ್ಳಬೇಕೆಂದು ನನಗೆ ತಿಳಿಯುತ್ತಿರಲಿಲ್ಲ. ಆಕೆಯ ಅಣ್ಣ ಆತುರಪಟ್ಟನೆಂದು ವರದಿ ಬರೆದವನು ನಾನೇ.

ನಜ್ಜುಗುಜ್ಜಾದ ವಾಹನಗಳಿಂದ ಜನರನ್ನು ಹೊರತೆಗೆಯುವ ರಕ್ಷಣಾ ಠಾಣೆಯಲ್ಲಿ ನಾನು ಗುಮಾಸ್ತನಾಗಿದ್ದೆ. ಠಾಣೆಯವರೆಲ್ಲ ದೊಡ್ಡಮ್ಮ ಎನ್ನುತ್ತಿದ್ದವರು ಸಲಕರಣೆ ಕೋಣೆಯ ಉಸ್ತುವಾರಿ. ಅದರ ಹಿಂದಿನ ಕೋಣೆಯಲ್ಲೇ ಅವರ ವಾಸ. ಹಿಂದೆ ಮೂವತ್ತು ವರ್ಷ ಗ್ಯಾರೇಜು ನಡೆಸಿದವರು. ಠಾಣೆಯಲ್ಲಿ ಕಳೆದದ್ದು, ಮುರಿದದ್ದು, ಯಾರೂ ಒಪ್ಪಿಕೊಳ್ಳದ್ದು ಎಲ್ಲವೂ ಕೊನೆಗೆ ಅವರ ಮೇಜಿಗೇ ಬರುತ್ತಿತ್ತು.

ನಾಲ್ಕು ದಿನಗಳ ಹಿಂದೆ ಒಂದು ಕಾರಿಗೆ ಲಾರಿ ಪಕ್ಕದಿಂದ ಗುದ್ದಿತ್ತು. ಕಾರು ಓಡಿಸುತ್ತಿದ್ದವನ ಪಾದ ಬ್ರೇಕ್ ಪೆಡಲಿನಡಿ ಸಿಕ್ಕಿಕೊಂಡಿತ್ತು. ಆ ಕಾರಿನಲ್ಲಿದ್ದ ಒಂದೇ ಏರ್‌ಬ್ಯಾಗ್, ಸ್ಟೇರಿಂಗಿನದು, ಸಿಡಿದಿರಲಿಲ್ಲ. ಸಿಡಿಯದೆ ಉಳಿದ ಏರ್‌ಬ್ಯಾಗ್ ಎಂದರೆ ನಮ್ಮವರು ಹತ್ತಿರ ಸುಳಿಯಲು ಹೆದರುತ್ತಾರೆ. ಬಗ್ಗಿ ಕೆಲಸ ಮಾಡುವವನ ಮುಖಕ್ಕೇ ಅದು ಹೊಡೆಯುವುದು. ಅದಕ್ಕೇ ಒಬ್ಬನು ಬಾನೆಟ್ ತೆರೆದು ಬ್ಯಾಟರಿಯ ಕೇಬಲ್ ಬಿಚ್ಚಿ, ತುದಿಗೆ ಟೇಪು ಸುತ್ತಿ, "ಬ್ಯಾಟರಿ ಬಿಚ್ಚಿದೆ" ಎಂದು ಕೂಗಬೇಕು. ಒಳಗೆ ಉಳಿದ ವಿದ್ಯುತ್ತು ಇಳಿಯಲು ಐದು ನಿಮಿಷ ಕಾಯಬೇಕು. ಆಮೇಲಷ್ಟೇ ಕತ್ತರಿ ಯಂತ್ರ ಹಿಡಿದವನು ಒಳಗೆ ಬಗ್ಗಬಹುದು.

ಅಂದು ಕತ್ತರಿ ಹಿಡಿದವನು ಈಕೆಯ ಅಣ್ಣ. ಬ್ಯಾಟರಿ ಬಿಚ್ಚಬೇಕಾದವನು ಈಕೆಯ ಗಂಡ; ಠಾಣೆಯಲ್ಲಿ ಎಲ್ಲರ ಬಾಯಲ್ಲೂ ಅವನು ಭಾವ. ಏರ್‌ಬ್ಯಾಗ್ ಸಿಡಿದು ಅಣ್ಣನ ದವಡೆ ಮುರಿಯಿತು, ಬಲಗಣ್ಣು ಹೋಯಿತು. ಅವನು ಐದು ನಿಮಿಷ ಕಾಯಲಿಲ್ಲ ಎಂದು ಭಾವನ ಸಹಿಯ ಮೇಲೆ ವರದಿಯಾಯಿತು. ಆ ವರದಿಯೇ ನಿಂತರೆ ಅಣ್ಣನ ಕೆಲಸವೂ ಹೋಗುತ್ತಿತ್ತು.

"ಅಣ್ಣ ಏನಂತಾನೆ?" ದೊಡ್ಡಮ್ಮ ಕೇಳಿದರು.

"ಬಾಯಿಗೆ ತಂತಿ ಕಟ್ಟಿದ್ದಾರೆ. ಬರೆದು ತೋರ್ಸು ಅಂದ್ರೆ ಗೋಡೆ ಕಡೆ ತಿರುಗ್ತಾನೆ."

ಅಂದು ಕಾರಿನ ಬಳಿ ಇದ್ದವರನ್ನು ದೊಡ್ಡಮ್ಮ ಒಬ್ಬೊಬ್ಬರನ್ನಾಗಿ ಕರೆದರು. ತಂಡದ ನಾಯಕರು ಮೊದಲು ಬಂದರು.

"ನಾನು ಹಿಂದಿನ ಸೀಟಲ್ಲಿ ಕೂತು ಗಾಯಾಳು ಕುತ್ತಿಗೆ ಹಿಡ್ಕೊಂಡಿದ್ದೆ. ಸ್ಟ್ರೆಚರ್ ಬರೋವರೆಗೆ ಕೈ ಬಿಡ್ಲಿಲ್ಲ. ಭಾವ ಕೂಗಿದ್ದು ಕೇಳಿಸ್ತು. ಅಲ್ಲಿಂದ ಎಷ್ಟು ನಿಮಿಷ ಆಯ್ತು ಅಂತ ಹೇಗೆ ಹೇಳ್ಲಿ? ಸೀಟ್ ಬೆಲ್ಟಿನ ಗಂಟೆ ಬೇರೆ, ಏರ್‌ಬ್ಯಾಗ್ ಸಿಡಿಯೋವರೆಗೂ ಅತ್ತೆ ಥರ ಗೊಣಗ್ತಾನೇ ಇತ್ತು. ಗುಮಾಸ್ತರಿಗೂ ಹೇಳಿದ್ನಲ್ಲ."

ಹೇಳಿದ್ದು ನಿಜ. ಗಂಭೀರವಾದ ವರದಿಯಲ್ಲಿ ಅತ್ತೆಯ ಮಾತು ಬೇಡವೆಂದು ನಾನೇ ಬಿಟ್ಟಿದ್ದೆ.

ನಮ್ಮ ವಾಹನದ ಡ್ರೈವರ್ ತಾನು ರಸ್ತೆಯಾಚೆ ಕತ್ತರಿ ಯಂತ್ರ ನಡೆಸುವ ಪಂಪಿನ ಬಳಿಯಿಂದ ಕದಲಲೇ ಇಲ್ಲವೆಂದ. ಕೊನೆಗೆ ಬಂದ ಭಾವ ಕಣ್ಣೊರೆಸಿಕೊಂಡ. "ಬಿಚ್ಚಿ, ಟೇಪು ಸುತ್ತಿ, ಕೂಗ್ದೆ. ಸಿಡಿದ ಮೇಲೆ ಅವನನ್ನ ಹೊರಗೆಳೆದವನೂ ನಾನೇ."

ಮಧ್ಯಾಹ್ನ ದೊಡ್ಡಮ್ಮನೂ ನಾನೂ ಆ ಕಾರು ನಿಲ್ಲಿಸಿದ್ದ ಅಂಗಳಕ್ಕೆ ಹೋದೆವು. ಬಾನೆಟ್ಟಿನ ಅಂಚಿನಲ್ಲಿ ಹಾರೆಯ ಗುರುತುಗಳಿದ್ದವು. ಕೇಬಲ್ ಬಿಚ್ಚಿತ್ತು, ಟೇಪೂ ಇತ್ತು. ದೊಡ್ಡಮ್ಮ ಟೇಪನ್ನು ನಿಧಾನವಾಗಿ ಸುಲಿದು ಬಿಸಿಲಿಗೆ ಹಿಡಿದರು.

"ಅಂಟಿನ ಕಡೆ ಏನು ಕಾಣ್ತದೆ, ಮಗಾ?"

"ಧೂಳು."

"ಯಾವ ಬಣ್ಣ?"

ಬಿಳಿ. ಮುಂದಿನ ಸೀಟಿನ ಮೇಲೆಲ್ಲ ಚೆಲ್ಲಿದ್ದೂ ಅದೇ ನುಣುಪಾದ ಬಿಳಿ ಪುಡಿ.

ಸಂಜೆ ಎಲ್ಲರೂ ಸಲಕರಣೆ ಕೋಣೆಯಲ್ಲಿ ಸೇರಿದರು. ತಂಗಿ ಗಂಡನ ಪಕ್ಕದಲ್ಲೇ ಕುಳಿತಳು.

"ಬ್ಯಾಟರಿ ಬಿಚ್ಚಿದ್ರೆ ಬೆಲ್ಟಿನ ಗಂಟೆಗೆ ಜೀವ ಎಲ್ಲಿಂದ ಬಂತು?" ದೊಡ್ಡಮ್ಮ ಕೇಳಿದರು. ನಾಯಕರು ತಲೆ ತಗ್ಗಿಸಿದರು. "ಕೂಗು ಬಂದಾಗ ಕೇಬಲ್ ಜಾಗದಲ್ಲೇ ಇತ್ತು. ಈಕೆ ಅಣ್ಣ ಐವತ್ತು ನಿಮಿಷ ಕಾದಿದ್ರೂ, ಕತ್ತರಿ ಏರ್‌ಬ್ಯಾಗಿನ ತಂತಿಗೆ ತಾಗಿದ ಕೂಡ್ಲೇ ಸಿಡೀತಿತ್ತು."

"ಈಗ ಬಿಚ್ಚಿದೆಯಲ್ಲ," ಎಂದ ಡ್ರೈವರ್.

"ಆಮೇಲೆ ಬಿಚ್ಚಿದ್ದು. ಈ ಪುಡಿ ಏರ್‌ಬ್ಯಾಗಿನ ಮಡಿಕೆ ಒಳಗಿರ್ತದೆ, ಸಿಡಿದ ಮೇಲೇ ಹೊರಗೆ ಬೀಳೋದು. ಟೇಪಿನ ಮೇಲಿದ್ದಿದ್ರೆ ಸುಮ್ಮನಿರ್ತಿದ್ದೆ. ಅಂಟಿನ ಒಳಗಿದೆ. ಅಂದ್ರೆ ಸುತ್ತಿದ ಕೈ ಮೊದಲೇ ಪುಡಿ ಮುಟ್ಟಿತ್ತು. ನಾಯಕರ ಕೈ ಗಾಯಾಳು ಕುತ್ತಿಗೆ ಬಿಡ್ಲಿಲ್ಲ. ಡ್ರೈವರ್ ಪಂಪು ಬಿಡ್ಲಿಲ್ಲ. ಪುಡಿಯಲ್ಲಿ ಮುಳುಗಿದವನನ್ನ ಹೊರಗೆಳೆದವನು ಒಬ್ಬನೇ."

ಭಾವ ಒಪ್ಪಿಕೊಂಡ. "ಬಾನೆಟ್ ಏಳ್ಲಿಲ್ಲ. ಒಳಗೆ ಆ ಮನುಷ್ಯ ಅರಚ್ತಿದ್ದ. ನಾಯಕರು ಆಯ್ತಾ, ಆಯ್ತಾ ಅಂತಿದ್ರು. ಆಯ್ತು ಅಂದ್ಬಿಟ್ಟೆ. ಅವನು ಬಗ್ಗೋದ್ರೊಳಗೆ ಏಳಿಸ್ತೀನಿ ಅಂದ್ಕೊಂಡಿದ್ದೆ."

"ಕೂಗಿದ್ದು ಭಯಕ್ಕೆ ಅನ್ನು. ಅವನು ಕಾಯ್ಲಿಲ್ಲ ಅಂತ ಸಹಿ ಹಾಕಿದ್ದು?" ದೊಡ್ಡಮ್ಮ ಕೇಳಿದರು.

ಭಾವ ಹೆಂಡತಿಯ ಕಡೆ ತಿರುಗಿದ.

"ನಿಮ್ಮ ಮಾತು ನಂಬಿ ಅವನು ತಲೆ ಒಳಗಿಟ್ಟ," ಎಂದಳು ತಂಗಿ.

"ಅವನಿಗೆ ಗೊತ್ತು," ಎಂದ ಭಾವ ಮೆಲ್ಲಗೆ. "ಆಸ್ಪತ್ರೇಲಿ ಎಲ್ಲಾ ಹೇಳ್ದೆ. ತಂಗಿಗೆ ತಿಳೀಬಾರ್ದು, ಹೀಗೇ ಇರ್ಲಿ ಅಂತ ಚೀಟಿ ಬರ್ದುಕೊಟ್ಟ."

ಆಕೆ ಎದ್ದು ದೂರದ ಸ್ಟೂಲಿಗೆ ಹೋಗಿ ಕುಳಿತಳು. "ನನ್ನ ಸಂಸಾರ ಉಳೀಲಿ ಅಂತ ಅವನು ಕೆಲಸಾನೂ ಬಿಟ್ಕೊಡೋಕೆ ಹೊರಟ. ನೀವು ತಗೊಂಡ್ರಿ." ಬಳಿಕ ನನ್ನತ್ತ ತಿರುಗಿದಳು. "ಬರೀರಿ ಗುಮಾಸ್ತರೇ. ಈ ಸಲ ಏನೂ ಬಿಡ್ಬೇಡಿ."

ನಾನು ಬರೆದೆ. ಪ್ರತಿ ಸಾಲನ್ನೂ ಎರಡೆರಡು ಸಲ ಗಟ್ಟಿಯಾಗಿ ಓದಿ ಹೇಳಿದೆ. ಭಾವ ಸಹಿ ಹಾಕಿದ. ನಾಯಕರು ಹಳೆಯ ವರದಿಯ ಮೇಲೆ ಅಡ್ಡಗೆರೆ ಎಳೆದು, ಅಣ್ಣನ ಕೆಲಸ ಎಲ್ಲೂ ಹೋಗುವುದಿಲ್ಲವೆಂದು ಆಕೆಗೆ ಮಾತು ಕೊಟ್ಟರು.

ಆಕೆ ಹೊಸ ವರದಿಯ ಪ್ರತಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಗಂಡ ಬಾಗಿಲವರೆಗೆ ಹಿಂಬಾಲಿಸಿದ. "ಆಸ್ಪತ್ರೆಗೆ ನಾನೂ ಬರ್ತೀನಿ."

"ಬೇಡ. ಒಬ್ಬಳೇ ಹೋಗ್ತೀನಿ," ಎಂದಳು. "ಅವನ ಹತ್ರಾನೂ ನನಗೆ ಜಗಳ ಇದೆ."