ಟಾರ್ಪಾಲು ಬಿದ್ದ ಹೊತ್ತು

ಬಿರುಗಾಳಿ ನಿಂತ ದಿನವೇ ಬೆಳಿಗ್ಗೆ ಸುದ್ದಿ ಬಂತು. ದ್ವೀಪದ ಹಿಂಬದಿಯ ಬಂಡೆಗಳ ನಡುವೆ ಹಾಯಿದೋಣಿಯ ಯಜಮಾನನ ಶವ ಸಿಕ್ಕಿತ್ತು. ಅವನ ಚಿಕ್ಕ ದೋಣಿಯೂ ಅಲ್ಲೇ ಸ್ವಲ್ಪ ದೂರದಲ್ಲಿ ಮಗುಚದೆ ಕಲ್ಲಿಗೆ ಸಿಕ್ಕಿಕೊಂಡಿತ್ತು.

ಫೋನ್ ಎತ್ತಿದವರು ಅವನ ಅಣ್ಣ. ಪೊಲೀಸ್ ಇಲಾಖೆಯಲ್ಲಿ ತಲೆ ನರೆಸಿಕೊಂಡು ನಿವೃತ್ತರಾದವರು. ಬಂದರಿನಲ್ಲಿ ಚಿಕ್ಕವರು, ದೊಡ್ಡವರು ಎಲ್ಲರೂ ಅವರನ್ನು ದೊಡ್ಡಪ್ಪ ಎಂದೇ ಕರೆಯುತ್ತಿದ್ದರು. ಆಗಷ್ಟೇ ಪ್ರಾರ್ಥನೆ ಮುಗಿಸಿ ಎದ್ದಿದ್ದರು. ಫೋನ್ ಕೆಳಗಿಟ್ಟು ಮತ್ತೆ ಅಲ್ಲೇ ಕುಳಿತರು. ಬಾಯಲ್ಲಿ ದೇವರ ಹೆಸರು ಬಂತು, ಮುಂದಿನ ಮಾತು ಬರಲಿಲ್ಲ.

"ತಮ್ಮನ ಮಗಳು?" ಎಂದು ಕೇಳುವುದನ್ನೇ ಮರೆತಿದ್ದರು. ತಾವೇ ಫೋನ್ ಮಾಡಿದರು.

"ಇಲ್ಲೇ ಹೊರಠಾಣೆಯಲ್ಲಿ ಕೂತಿದಾಳೆ ಸಾರ್," ಎಂದ ಇನ್‌ಸ್ಪೆಕ್ಟರ್. ಒಂದು ಕಾಲದಲ್ಲಿ ಅವರ ಕೈಕೆಳಗೆ ಕೆಲಸ ಕಲಿತವನು. "ನೀವು ಬಂದ್ರೆ ಒಳ್ಳೇದು. ತಪ್ಪೆಲ್ಲ ತನ್ನದೇ ಅಂತಿದಾಳೆ."

\* \* \*

ಬಂದರಿನ ಹೊರಠಾಣೆ ಎಂದರೆ ಎರಡು ಕೋಣೆ, ಒಂದು ಜಗಲಿ. ಜಗಲಿಯ ಕಂಬಗಳ ನಡುವೆ ಹಗ್ಗ ಕಟ್ಟಿ ಒದ್ದೆ ಬಟ್ಟೆ ಹರವಿದ್ದರು. ಬೆನ್ನಿಗೆ ಚೀಲ ಏರಿಸಿ ಊರೂರು ಸುತ್ತುವ ಮೂವರು ಪ್ರಯಾಣಿಕರು ಅಲ್ಲೇ ಚಹಾ ಕುಡಿಯುತ್ತ ಕೂತಿದ್ದರು. ರಜೆಯ ಮೇಲಿದ್ದ ಒಬ್ಬಳು ನರ್ಸ್. ಕಂಬದಷ್ಟು ಉದ್ದದ ಒಬ್ಬ ಕಾಲೇಜು ಹುಡುಗ. ಕ್ಯಾಮೆರಾ ಜೊತೆಗಿಲ್ಲದ ಒಬ್ಬ ಫೋಟೋಗ್ರಾಫರ್.

ಮಗಳು ಒಳಗೆ ಬೆಂಚಿನ ಮೇಲೆ ಇದ್ದಳು. ಅಪ್ಪನ ಜೊತೆ ಹಾಯಿದೋಣಿ ನಡೆಸುತ್ತಿದ್ದವಳು ಅವಳೇ.

"ದೊಡ್ಡಪ್ಪ, ಚಿಕ್ಕ ದೋಣಿ ಕಟ್ಟಿದ್ದು ನಾನು. ಗಂಟು ಬಿಚ್ಕೊಂಡಿದೆ. ದೋಣಿ ತೇಲಿಹೋಗ್ತಿರೋದು ನೋಡಿ ಅಪ್ಪ ಹಿಂದೆ ಈಜಿದಾರೆ. ನಾನೇ ಕೊಂದ ಹಾಗಾಯ್ತು."

"ಕಟ್ಟುವಾಗ ಸಡಿಲ ಇತ್ತಾ?"

"ಇಲ್ಲ ಅನ್ಕೊಂಡಿದ್ದೆ. ಈಗ ಗೊತ್ತಾಗ್ತಿಲ್ಲ. ಇನ್ಮೇಲೆ ಹಗ್ಗ ಮುಟ್ಟಲ್ಲ ನಾನು."

ನಡೆದದ್ದನ್ನು ಇನ್‌ಸ್ಪೆಕ್ಟರ್ ವಿವರಿಸಿದ. ಸಂಜೆ ಗಾಳಿ ಎದ್ದಾಗ ಯಜಮಾನ ಹಾಯಿದೋಣಿಗೆ ದ್ವೀಪದ ಮರೆಯಲ್ಲಿ ಲಂಗರು ಹಾಕಿದ. ಎಲ್ಲರನ್ನೂ ಚಿಕ್ಕ ದೋಣಿಯಲ್ಲಿ ದಡಕ್ಕೆ ತಂದು, ಮೀನುಗಾರರು ಬಿಟ್ಟುಹೋದ ಶೆಡ್ಡಿನಲ್ಲಿ ಮಲಗಿಸಿದ. ಬೆಳಕು ಹರಿದಾಗ ಯಜಮಾನನೂ ಇಲ್ಲ, ದೋಣಿಯೂ ಇಲ್ಲ. ಆ ದಾರಿಯಾಗಿ ಬಂದ ಮೀನುಗಾರರು ಉಳಿದವರನ್ನು ಬಂದರಿಗೆ ಕರೆತಂದರು.

"ಗಂಟು ಸಡಿಲ ಇತ್ತು ಅಂತ ಫೋಟೋಗ್ರಾಫರ್ ಹೇಳ್ತಾನೆ. ಆದ್ರೆ ನಂಗೆ ಆ ಉದ್ದನೆಯವನ ಮೇಲೂ ಒಂದು ಕಣ್ಣಿದೆ ಸಾರ್. ವಾಪಸ್ ಹೋಗೋಣ ಅಂತ ಸಂಜೆ ಯಜಮಾನರ ಜೊತೆ ಜಗಳ ಆಡಿದಾನೆ. ಕೈಗೆ ಬಟ್ಟೆ ಬೇರೆ ಕಟ್ಕೊಂಡಿದಾನೆ."

"ದೋಣಿಯಲ್ಲಿ ಏನಿತ್ತು?"

"ಏನಿಲ್ಲ ಸಾರ್. ಅರ್ಧ ನೀರು. ಒಂದು ಹುಟ್ಟು, ಸೀಟಿನ ಕೆಳಗೆ ಸಿಕ್ಕಿಕೊಂಡಿತ್ತು. ಇನ್ನೊಂದು ಅಲೆಗೆ ಹೋಗಿರಬೇಕು."

ದೊಡ್ಡಪ್ಪ ತಲೆ ಎತ್ತಿದರು. ಅವರ ತಮ್ಮನಿಗೆ ಒಂದು ಹಠವಿತ್ತು. ದೋಣಿ ದಡಕ್ಕೆ ಬಂತೆಂದರೆ ಹುಟ್ಟುಗಳನ್ನು ಹೆಗಲ ಮೇಲೆ ಹೊತ್ತು ಮೇಲಕ್ಕೆ ತರಲೇಬೇಕು. ಹುಟ್ಟಿಲ್ಲದ ದೋಣಿಯನ್ನು ಯಾರೂ ಒಯ್ಯುವುದಿಲ್ಲ ಎನ್ನುತ್ತಿದ್ದ. ಮಗಳಿಗೂ ಅದೇ ಪಾಠ.

"ಹುಟ್ಟು ಮೇಲೆ ತಂದಿದ್ಯಾ, ಮಗಳೇ?"

"ತಂದಿದ್ದೆ ಅನ್ಸುತ್ತೆ. ಆಮೇಲೆ ಜ್ವರ ಬಂದು ಮೂಲೆಯಲ್ಲಿ ಮಲಗಿಬಿಟ್ಟೆ. ದೋಣಿಯಲ್ಲೇ ಸಿಕ್ಕಿದೆ ಅಂದ್ಮೇಲೆ ತಂದಿಲ್ವೇನೋ ದೊಡ್ಡಪ್ಪ. ನನ್ನ ತಲೆಯನ್ನೇ ನಂಬೋ ಹಾಗಿಲ್ಲ."

\* \* \*

ದೊಡ್ಡಪ್ಪ ಜಗಲಿಗೆ ಬಂದು ಉದ್ದನೆಯವನ ಪಕ್ಕದಲ್ಲೇ ಕೂತರು.

"ಕೈಗೇನಾಯ್ತಪ್ಪಾ?"

ಅವನು ಉತ್ತರ ಕೊಡುವ ಮೊದಲೇ ನರ್ಸ್ ಬಾಯಿ ಹಾಕಿದಳು. "ಸುಟ್ಕೊಂಡಿದಾನೆ ಅಂಕಲ್. ಒಂದು ಸ್ಟವ್ ಹಚ್ಚೋಕೆ ಬರಲ್ಲ, ಸಮುದ್ರ ಸುತ್ತೋಕೆ ಹೊರಟಿದಾನೆ. ನಾನೇ ಮುಲಾಮು ಹಚ್ಚಿ ಕಟ್ಟಿದ್ದು, ನಿನ್ನೆ ಊಟದ ಹೊತ್ತಿಗೇ."

ಹುಡುಗ ನಾಚಿ ತಲೆ ತಗ್ಗಿಸಿದ. "ಜಗಳ ಆಡಿದ್ದು ನಿಜ ಸಾರ್. ಹೆದರಿಕೆಯಾಗಿತ್ತು. ಅವರು ಬೈಲಿಲ್ಲ. ಚಹಾ ಮಾಡಿಕೊಡು ಅಂದ್ರು. ಅದಕ್ಕೇ ಸ್ಟವ್ ಹಚ್ಚೋಕೆ ಹೋಗಿದ್ದು."

ಹೆದರಿದವರ ಕೈಗೆ ಒಂದು ಕೆಲಸ ಕೊಡುವುದು ತಮ್ಮನ ಅಭ್ಯಾಸವೇ. ದೊಡ್ಡಪ್ಪ ಕೇಳಿದರು, "ನಿದ್ದೆ ಬಂತಾ ಎಲ್ಲರಿಗೂ?"

"ಬಂತು, ಟಾರ್ಪಾಲು ತಲೆ ಮೇಲೆ ಬೀಳೋವರೆಗೂ," ಎಂದಳು ನರ್ಸ್. "ಶೆಡ್ಡಿನ ಮಾಡು ಸೋರ್ತಿತ್ತು. ಯಜಮಾನರು ನಮ್ಮ ಮೇಲೆ ಟಾರ್ಪಾಲು ಕಟ್ಟಿ, ನಡುವೆ ಎರಡು ಕೋಲು ಕೊಟ್ಟು ಎತ್ತಿ ನಿಲ್ಲಿಸಿದ್ರು. ಗಾಳಿ ತಗ್ಗಿದ ಮೇಲೆ ಅದು ಬಿತ್ತು ನೋಡಿ, ಒಂದು ತೊಟ್ಟಿ ನೀರು ನಮ್ಮ ಮೇಲೇ."

"ಯಾವ ಕೋಲು?"

"ದೋಣಿ ಹುಟ್ಟೇ, ಇನ್ನೇನು. ಅಲ್ಲಿ ಬೇರೆ ಏನಿತ್ತು?"

"ಇದನ್ನ ಇನ್‌ಸ್ಪೆಕ್ಟರಿಗೆ ಹೇಳಿದ್ಯೇನಮ್ಮಾ?"

"ಯಾರು ಕೇಳಿದ್ರು? ಎಲ್ಲರೂ ಗಂಟು, ಗಂಟು ಅಂತಿದ್ರು."

ದೊಡ್ಡಪ್ಪ ಎದ್ದು ಹಗ್ಗದ ಕಡೆ ನೋಡಿದರು. ಎರಡು ಸ್ಲೀಪಿಂಗ್ ಬ್ಯಾಗುಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಫೋಟೋಗ್ರಾಫರ್ ಕಡೆ ತಿರುಗಿದರು.

"ನೀವೂ ಅಲ್ಲೇ ಮಲಗಿದ್ರಾ?"

"ಹೌದು ಸಾರ್, ಇವರಿಬ್ಬರ ನಡುವೆ. ಒಳ್ಳೇ ನಿದ್ದೆ. ಟಾರ್ಪಾಲು ಮುಖದ ಮೇಲೆ ಬಿದ್ದಾಗಲೇ ಎಚ್ಚರ."

"ಹಾಗಾದ್ರೆ ನಿಮ್ಮ ಬ್ಯಾಗನ್ನೂ ಬಿಸಿಲಿಗೆ ಹಾಕಿಬಿಡಿ. ಜಾಗ ಇದೆ."

"ಪರವಾಗಿಲ್ಲ ಸಾರ್. ಒಣಗಿಯೇ ಇದೆ."

ಆಡಿದ ಮಾತು ತನಗೇ ಕೇಳಿಸಿದಂತೆ ಅವನು ಚಹಾದ ಲೋಟ ಕೆಳಗಿಟ್ಟ.

\* \* \*

ಇನ್‌ಸ್ಪೆಕ್ಟರ್ ಅವನ ಬೆನ್ನುಚೀಲ ಬಿಚ್ಚಿಸಿದ. ಸ್ಲೀಪಿಂಗ್ ಬ್ಯಾಗು ಸುರುಳಿ ಬಿಚ್ಚದೆ, ಹನಿ ನೀರು ಸೋಕದೆ ತಳದಲ್ಲಿ ಕೂತಿತ್ತು. ಮಗಳನ್ನೂ ಹೊರಗೆ ಕರೆದು ಎದುರು ಕೂರಿಸಿ ದೊಡ್ಡಪ್ಪ ಮಾತಿಗೆ ತೊಡಗಿದರು.

"ಗಂಟು ಬಿಚ್ಚಿಕೊಂಡು ದೋಣಿ ತಾನಾಗಿ ತೇಲಿಹೋಗಬಹುದು. ಒಪ್ಪೋಣ. ಆದ್ರೆ ಶೆಡ್ಡಿನೊಳಗೆ ಟಾರ್ಪಾಲು ಹೊತ್ತು ನಿಂತಿದ್ದ ಹುಟ್ಟು ನಡೆದು ಹೋಗಿ ದೋಣಿ ಹತ್ತೋದಿಲ್ಲ. ಯಾರೋ ಅದನ್ನ ಕಿತ್ತು ಒಯ್ದಿದಾರೆ. ಹುಟ್ಟು ಒಯ್ದವರು ದೋಣಿ ಬಿಚ್ಚೋಕೇ ಒಯ್ದಿದಾರೆ. ಆಸರೆ ಹೋದ ಟಾರ್ಪಾಲಿನಲ್ಲಿ ನೀರು ತುಂಬಿತು, ಆಮೇಲೆ ಬಿತ್ತು. ಅದರ ಕೆಳಗೆ ಮಲಗಿದ್ದ ಇಬ್ಬರ ಹಾಸಿಗೆ ತೋಯ್ದು ತೊಪ್ಪೆಯಾಯ್ತು. ಅವರಿಬ್ಬರ ನಡುವೆಯೇ ಮಲಗಿದ್ದೆ ಅಂದವರ ಹಾಸಿಗೆ ಮಾತ್ರ ಬಿಚ್ಚಿದ್ದೇ ಇಲ್ಲ." ಅವರು ದನಿ ತಗ್ಗಿಸಿದರು. "ಅಂಗೈ ತೋರ್ಸಪ್ಪಾ."

ಅವನು ತೋರಿಸಲಿಲ್ಲ. ಇನ್‌ಸ್ಪೆಕ್ಟರ್ ಹಿಡಿದು ತಿರುಗಿಸಿದ. ಬೆರಳ ಬುಡದಲ್ಲೆಲ್ಲ ಬೊಬ್ಬೆ ಎದ್ದು ಒಡೆದಿತ್ತು. ಹುಟ್ಟು ಹಾಕಿ ಅಭ್ಯಾಸವಿಲ್ಲದ ಕೈ.

ಫೋಟೋಗ್ರಾಫರ್ ಕುಸಿದು ಕೂತ. "ಕ್ಯಾಮೆರಾ ಹಾಯಿದೋಣಿಯಲ್ಲೇ ಉಳಿದಿತ್ತು ಸಾರ್. ಈ ಪ್ರಯಾಣದ ಚಿತ್ರವೆಲ್ಲ ಅದರಲ್ಲೇ. ಬೆಳಗಾಗೋವರೆಗೂ ಯಾರೂ ನೀರಿಗಿಳೀಬಾರದು ಅಂದಿದ್ರು. ಗಾಳಿ ತಗ್ಗಿತಲ್ಲ, ಸಟ್ಟನೆ ಹೋಗಿ ಬರ್ತೀನಿ ಅನ್ಕೊಂಡೆ. ಅರ್ಧ ದಾರಿಯಲ್ಲಿ ಅಲೆ ನನ್ನನ್ನ ಎತ್ತಿ ಹೊರಗೆಸೀತು. ಅಷ್ಟರಲ್ಲಿ ಅವರು ಈಜಿ ಬಂದ್ರು. ಕಾಲರ್ ಹಿಡಿದು ಎಳೆದು ಬಂಡೆಗೆ ತಂದ್ರು. ಕೆಳಗಿಂದ ನನ್ನನ್ನ ತಳ್ಳಿದ್ರು. ತಿರುಗಿ ನೋಡಿದಾಗ ಅವರಿರಲಿಲ್ಲ."

"ಏನಾದ್ರೂ ಅಂದ್ರಾ?" ದೊಡ್ಡಪ್ಪ ಕೇಳಿದರು.

"ಹತ್ತು ಮಗಾ, ಹತ್ತು ಅಂದ್ರು."

ಅವನು ಮುಖ ಒರೆಸಿಕೊಂಡು ಮುಂದುವರಿಸಿದ.

"ನಾನು ಕತ್ತಲಲ್ಲಿ ವಾಪಸ್ ಬಂದಾಗ ಎಲ್ಲರೂ ಒದ್ದೆ. ಯಾರೂ ನನ್ನ ಕೇಳಲಿಲ್ಲ. ಬೆಳಿಗ್ಗೆ ಈಕೆ ತನ್ನ ಗಂಟೇ ಬಿಚ್ಚಿತು ಅಂತ ಅಳೋಕೆ ಶುರು ಮಾಡಿದ್ಲು. ನಾನೂ ಹೌದು ಅಂದ್ಬಿಟ್ಟೆ."

"ನಿನ್ನ ಪ್ರಾಣ ಉಳಿಸಿದವರ ಮಗಳ ತಲೆಗೇ ಕಟ್ಟಿದೆಯಲ್ಲೋ," ಎಂದಳು ನರ್ಸ್.

ಇನ್‌ಸ್ಪೆಕ್ಟರ್ ಅವನನ್ನು ಒಳಗೆ ಕರೆದೊಯ್ದ. ಬಾಗಿಲಲ್ಲಿ ಅವನು ನಿಂತು ಹಿಂದಿರುಗಿ ನೋಡಿದ. ಬೈಯಬೇಕೆಂದು ದೊಡ್ಡಪ್ಪನ ನಾಲಿಗೆ ತುದಿಗೆ ಬಂದಿತ್ತು. ತಮ್ಮ ಅವನನ್ನು ಮಗಾ ಎಂದಿದ್ದಾನೆ. ಬೈಗುಳ ನುಂಗಿಕೊಂಡರು.

\* \* \*

ಮಗಳು ತುಂಬ ಹೊತ್ತು ಅತ್ತಳು. ಬೆಳಗಿನಿಂದ ಅತ್ತದ್ದು ಬೇರೆ, ಈ ಅಳು ಬೇರೆ. ಆಮೇಲೆ ಮುಖ ತೊಳೆದು ಬಂದು, ನರ್ಸ್ ಕೊಟ್ಟ ಬ್ರೆಡ್ಡು ತಿಂದಳು. ಅವಳು ತಿನ್ನುವುದನ್ನು ನೋಡುತ್ತ ದೊಡ್ಡಪ್ಪನಿಗೆ ಎದೆಯ ಮೇಲಿದ್ದ ಭಾರ ಸರಿದಂತಾಯಿತು. ತಮ್ಮನನ್ನು ಕಳೆದುಕೊಂಡ ದುಃಖ ಹಾಗೇ ಇತ್ತು, ಆದರೆ ಉಸಿರಾಡಲು ಜಾಗವಾಗಿತ್ತು.

"ದೊಡ್ಡಪ್ಪ, ನನ್ನ ಗಂಟು ಗಟ್ಟಿಯಾಗೇ ಇತ್ತಾ?"

"ಇಡೀ ಬಿರುಗಾಳಿಗೆ ತಡ್ಕೊಂಡಿತ್ತು ಕಣಮ್ಮಾ. ಮನುಷ್ಯನ ಕೈ ಬಿಚ್ಚೋವರೆಗೂ."

ಅವಳು ಅವರ ಭುಜಕ್ಕೆ ಒರಗಿದಳು. "ಹಾಯಿದೋಣಿ ಇನ್ನೂ ಅಲ್ಲೇ ಲಂಗರಿನ ಮೇಲಿದೆ. ನಾನೇ ತರಬೇಕು. ನೀವೂ ಬನ್ನಿ."

"ಬರ್ತೀನಿ. ಮೊದಲು ನಿಮ್ಮಪ್ಪನಿಗಾಗಿ ಒಂದು ಮಾತು ಕೇಳ್ಕೊಳ್ಳೋಣ."

ಇಬ್ಬರೂ ಕೈ ಜೋಡಿಸಿದರು. ನರ್ಸೂ ಉದ್ದನೆಯ ಹುಡುಗನೂ ಎದ್ದು ನಿಂತರು.

"ದೇವರೇ, ನನ್ನ ತಮ್ಮ ಕೊನೆಯ ಉಸಿರಿನಲ್ಲೂ ಇನ್ನೊಬ್ಬನನ್ನು ದಡಕ್ಕೆ ತಳ್ಳಿ ನಿನ್ನ ಬಳಿ ಬಂದಿದ್ದಾನೆ. ದಣಿದಿದ್ದಾನೆ. ಅವನನ್ನು ನಿನ್ನ ಮಡಿಲಿಗೆ ತೆಗೆದುಕೋ. ಅವನ ಆತ್ಮಕ್ಕೆ ಶಾಂತಿ ಕೊಡು."