ಹೊಳ್ಳರ ಹೋಟೆಲಿನ ಹೆಂಚು

ಕಾನ್‌ಸ್ಟೇಬಲ್ ಭೋಜರಾಜ ಬಿದ್ದದ್ದನ್ನು ಮೊದಲು ಕಂಡವಳು ಎಸ್ಸೈ ಸೌಮ್ಯಶ್ರೀ. ಹೆಮ್ಮಾಡಿ ಪೇಟೆ, ಹೆದ್ದಾರಿ ಬದಿ, ಸುಬ್ಬರಾಯ ಹೊಳ್ಳರ ಚಾ ಹೋಟೆಲಿನ ಎದುರು. ತಲೆಯಿಂದ ರಕ್ತ ಸುರಿಯುತ್ತಿತ್ತು. ಪಕ್ಕದಲ್ಲೇ ಎರಡು ಹೋಳಾದ ಹೆಂಚು.

"ಕಲ್ಲು ತೂರಾಟ!" — ಎಲ್ಲಿಂದಲೋ ಒಂದು ಕೂಗು.

ಅಷ್ಟು ಸಾಕಾಯಿತು. ಲಾಠಿಗಳು ಎದ್ದವು. ಇನ್ನೂರು ಜನರ ಪ್ರತಿಭಟನೆ ಕಣ್ಣೆದುರೇ ಚೆಲ್ಲಾಪಿಲ್ಲಿಯಾಯಿತು. ಮೈಕ್ ಹಿಡಿದು ನಿಂತಿದ್ದ ರತೀಶನನ್ನು ಜೀಪಿಗೆ ತುರುಕಿದರು.

ಮರುದಿನವೂ ಭೋಜರಾಜನಿಗೆ ಪ್ರಜ್ಞೆ ಬರಲಿಲ್ಲ. ಬೆಳಿಗ್ಗೆಯೇ ಡಿವೈಎಸ್ಪಿ ಸಾಹೇಬರ ಫೋನು.

"ಪ್ರತಿಭಟನೆಗೆ ಅನುಮತಿ ಕೊಟ್ಟವರು ಯಾರು?"

"ನಾನೇ ಸರ್."

"ಮಾತಾಡಲು ಬಿಟ್ಟಿರಿ, ನಮ್ಮವನ ತಲೆ ಹೋಯಿತು. ಸಂಜೆಗೆ ವರದಿ ಬೇಕು. ಗುಂಪಿನಿಂದಲೇ ಎಸೆದದ್ದು ಅಂತ ಬರೆಯಿರಿ. ಕುಂದಾಪುರ, ಬೈಂದೂರು, ಬ್ರಹ್ಮಾವರ — ಮೂರೂ ಕಡೆ ನಿಷೇಧಾಜ್ಞೆ ಹಾಕಿಸೋಣ. ಜನರೂ ಕ್ಷೇಮ, ನಾವೂ ಕ್ಷೇಮ."

ರತೀಶನ ಮೇಲೆ ಕೊಲೆಯತ್ನದ ಕೇಸು. ಅವನ ತಾಯಿ ಅಪ್ಪಿ ಠಾಣೆಯ ಮೆಟ್ಟಿಲು ಬಿಟ್ಟು ಏಳಲೇ ಇಲ್ಲ. ಗಂಡ ಬಚ್ಚ ಅದೇ ಜಾಗದಲ್ಲಿ ರಸ್ತೆ ದಾಟುವಾಗ ಲಾರಿಗೆ ಸಿಕ್ಕಿ ಸತ್ತಿದ್ದ. ಅಲ್ಲೊಂದು ಅಂಡರ್‌ಪಾಸ್ ಬೇಕೆಂದು ಮಗ ಕೂಗುತ್ತಿದ್ದ. ಅಷ್ಟೇ ಅವನ ಅಪರಾಧ.

"ಅಮ್ಮಾ, ಗಂಡನ್ನ ಆ ರಸ್ತಿ ನುಂಗ್ತ್. ಮಗನ್ನ ನೀವ್ ನುಂಗ್ಬೇಡಿ," ಎಂದಳು ಅಪ್ಪಿ.

ಸೌಮ್ಯಶ್ರೀ ಒಳಗೆ ಹೋದಳು. ಲಾಕಪ್ಪಿನ ಮುಂದೆ ನಿಂತಳು.

"ಹೆಂಚು ಎಸೆದವನು ಯಾರು?"

"ನಾನ್ ಕಾಣ್ಲಿಲ್ಲ ಮೇಡಂ." ಕೂಗಿ ಕೂಗಿ ರತೀಶನ ಗಂಟಲು ಕಟ್ಟಿಹೋಗಿತ್ತು. "ನಮ್ಮವ್ರ್ ಯಾರ್ ಕೈಯಾಗೂ ಎಂತದೂ ಇರ್ಲಿಲ್ಲ."

"ಹೋಟೆಲಿನ ಹಿಂದೆ ಹೆಂಚಿನ ರಾಶಿ ಇದೆಯಲ್ಲ?"

"ಇತ್ತ್. ಆದ್ರೆ ಅಲ್ಲಿಗ್ ಯಾರ್ ಹೋಯಿದ್ರ್?"

ವಿಡಿಯೊ ನೋಡಿದರೆ ತಿಳಿದೀತು. ಚಿತ್ರೀಕರಣಕ್ಕೆ ಹಾಕಿದ್ದ ಕಾನ್‌ಸ್ಟೇಬಲ್ ಸುಶಾಂತನನ್ನು ಕರೆದಳು. ಎಲ್ಲರ ಮುಖ ಸಿಗುವ ಹಾಗೆ ಎತ್ತರದ ಜಾಗ ನೋಡಿಕೋ ಎಂದು ಅವನಿಗೆ ಹೇಳಿದವಳು ಅವಳೇ.

"ಬ್ಯಾಟರಿ ಮುಗೀತು ಮೇಡಂ. ಎಸೆದದ್ದು ಸಿಗಲಿಲ್ಲ," ಎಂದ ಸುಶಾಂತ. ಮುಖ ಬಾಡಿತ್ತು. ಭೋಜರಾಜ ಅವನ ರೂಮ್‌ಮೇಟ್. ಪಾಪ ಅನ್ನಿಸಿತು.

ಉಳಿದದ್ದು ಹೆಂಚು. ಹೋಳುಗಳನ್ನು ಕೈಗೆತ್ತಿಕೊಂಡಳು. ಬೆರಳು ಕಪ್ಪಾಯಿತು. ಕರವಸ್ತ್ರದಲ್ಲಿ ಒರೆಸಿಕೊಂಡು ಹೊಳ್ಳರಲ್ಲಿಗೆ ಹೊರಟಳು.

"ಹ್ವಾಯ್, ನಿಮ್ ಗಲಾಟಿ ದೆಸಿಂದ ನನ್ ಯಾಪಾರ ಎಕ್ಕುಟ್ಟಿ ಹೋಯ್ತ್!" ಹೊಳ್ಳರು ಕಂಡೊಡನೆ ರೇಗಿದರು.

ಹಿಂದಿನ ರಾಶಿಯ ಒಂದೊಂದೇ ಹೆಂಚನ್ನು ತಿರುಗಿಸಿ ನೋಡಿದಳು. ಧೂಳು, ಪಾಚಿ. ಆದರೆ ಬೆರಳಿಗೆ ಕಪ್ಪು ಹತ್ತಲಿಲ್ಲ.

ಹಾಗಾದರೆ ಆ ಕಪ್ಪು ಎಲ್ಲಿಯದು?

ಒಳಗೆ ಬಂದು ಬೆಂಚಿನಲ್ಲಿ ಕೂತಳು. ರಸ್ತೆ ಬದಿಗೇ ಸೌದೆ ಒಲೆ. ತಲೆ ಎತ್ತಿದಳು. ಒಲೆಯ ಮೇಲಿನ ಹೆಂಚಿನ ಮಾಡಿನ ಒಳಮೈ ಪೂರ್ತಿ ಮಸಿ. ಅಂಚಿನ ಸಾಲಿನಲ್ಲಿ ಒಂದು, ಅದರ ಮೇಲೆ ಇನ್ನೊಂದು — ಎರಡು ಹೆಂಚು ಮಾತ್ರ ಕೆಂಪಗಿದ್ದವು.

"ಹೊಳ್ರೇ, ಅದನ್ನ್ ಯಾವಾಗ ಹಾಕಿದ್ದ್?"

"ನಿನ್ನೆ ಸಂಜಿಗೆ. ಒಂದ್ ಇರ್ಲೇ ಇಲ್ಲ, ಇನ್ನೊಂದ್ ನಡುವೆ ಒಡ್ದಿತ್ತ್. ಮಂಗನ್ ಉಪದ್ರ ಮಾರ್ರೆ. ದಿನಾ ಇಪ್ದೇ, ಯಾರಿಗ್ ಹೇಳೂದ್?"

ಈ ಕಡೆ ಹಾಗೆಯೇ. ಹೆಂಚು ಹೋದರೆ ಮಂಗ. ಎರಡನೇ ಪ್ರಶ್ನೆ ಯಾರೂ ಕೇಳುವುದಿಲ್ಲ.

"ಇನ್ನೂರ್ ಜನ ಮೈಕ್ ಹಾಕಿ ಕೂಗುವತಿಗೆ ಮಂಗ ಬತ್ತಾ?"

ಹೊಳ್ಳರ ಕೈಯ ಸೌಟು ನಿಂತಿತು. "ಬಪ್ದಿಲ್ಲ," ಎಂದರು ಮೆಲ್ಲಗೆ.

ಸಂಜೆ ಡಿವೈಎಸ್ಪಿ ಠಾಣೆಗೆ ಬಂದರು. ಸೌಮ್ಯಶ್ರೀ ಹೋಳುಗಳನ್ನೂ ಕರವಸ್ತ್ರವನ್ನೂ ಮೇಜಿನ ಮೇಲಿಟ್ಟಳು.

"ರಾಶಿಯ ಹೆಂಚಿಗೆ ಮಸಿ ಇಲ್ಲ ಸರ್. ಇದಕ್ಕಿದೆ, ಒಂದೇ ಮೈಗೆ. ಇದು ಒಲೆಯ ಮೇಲಿನ ಮಾಡಿನಿಂದ ಜಾರಿದ್ದು. ಯಾರೂ ಎಸೆದದ್ದಲ್ಲ. ಭೋಜರಾಜ ನಿಂತಿದ್ದದ್ದು ಅದರ ಕೆಳಗೇ."

"ಜಾರಿಸಿದ್ದು ಯಾರು?"

"ಮಾಡು ಹತ್ತಿ ರೂಢಿಯಿದ್ದವರು ಹೆಂಚು ಕೂರಿಸುವ ಮರದ ರೀಪಿನ ಮೇಲೆ ಹೆಜ್ಜೆ ಇಡುತ್ತಾರೆ. ನಿನ್ನೆ ಎಲ್ಲರ ಕಣ್ಣು ಮೈಕಿನ ಕಡೆ ಇದ್ದಾಗ ಹಿಂದಿನಿಂದ ಹತ್ತಿದವನು ಹೆಂಚಿನ ನಡುವೆ ಇಟ್ಟ. ಅದು ಒಡೆಯಿತು, ಕೆಳಗಿನದು ಜಾರಿತು. ನಿನ್ನೆ ಎತ್ತರಕ್ಕೆ ಹೋಗಬೇಕಾದವನು ಒಬ್ಬನೇ." ಅವಳು ಬಾಗಿಲ ಬಳಿ ನಿಂತಿದ್ದವನ ಕಡೆ ತಿರುಗಿದಳು. "ಸುಶಾಂತ್, ಕಲ್ಲು ತೂರಾಟ ಅಂತ ಕೂಗಿದ್ದೂ ನೀನೇ ಅಲ್ವಾ?"

ಸುಶಾಂತ ಕ್ಯಾಮೆರಾ ತಂದು ಮೇಜಿನ ಮೇಲಿಟ್ಟ. "ಹೆದರಿಬಿಟ್ಟೆ ಮೇಡಂ. ಕೆಳಗೆ ನೋಡಿದರೆ ಭೋಜಣ್ಣ... ವಿಡಿಯೊ ಅಳಿಸಿಬಿಟ್ಟೆ."

"ಹತ್ತಿಸಿದ್ದು ನಾನು," ಎಂದಳು ಸೌಮ್ಯಶ್ರೀ. " ವರದಿಯಲ್ಲಿ ನನ್ನ ಹೆಸರೂ ಇದೆ ಸರ್."

ಡಿವೈಎಸ್ಪಿ ಹೋಳುಗಳನ್ನು ಮೇಜಿನ ಅಂಚಿಗೆ ತಳ್ಳಿದರು. ಆಮೇಲೆ, "ಹುಡುಗನನ್ನು ಬಿಡಿ. ನಿಷೇಧಾಜ್ಞೆ ಮಾತ್ರ ಇರಲಿ," ಎಂದರು.

"ಕಾರಣ ಏನಂತ ಬರೆಯಲಿ ಸರ್? ಮಂಗನ ಉಪದ್ರ ಅಂತಲಾ?"

ಅವರ ಮುಖ ಕೆಂಪಾಯಿತು. "ಈ ಠಾಣೆಯಲ್ಲಿ ನಿಮಗೆ ಹೆಚ್ಚು ದಿನ ಇಲ್ಲ," ಎಂದು ಟೋಪಿ ಎತ್ತಿಕೊಂಡು ಹೊರಟುಹೋದರು. ನಿಷೇಧಾಜ್ಞೆಯ ಮಾತನ್ನು ಮತ್ತೆ ಎತ್ತಲಿಲ್ಲ.

ಆಸ್ಪತ್ರೆಯಿಂದ ಇನ್ನೂ ಒಳ್ಳೆಯ ಸುದ್ದಿಯಿಲ್ಲ. ಅಪ್ಪಿ ಮಗನ ತಲೆ, ಬೆನ್ನು ಎಲ್ಲ ಸವರಿ ನೋಡಿ ಅತ್ತಳು. ಸೌಮ್ಯಶ್ರೀಗೂ ಅಳು ಬಂತು. ತಡೆದುಕೊಂಡಳು.

ಮೆಟ್ಟಿಲಿಳಿದ ರತೀಶ ತಿರುಗಿ ನಿಂತ.

"ಮೇಡಂ, ಅಂಡರ್‌ಪಾಸ್‌ಗೆ ಮತ್ತೊಂದ್ ಪ್ರತಿಭಟನೆ ಮಾಡೂಕೆ ಅರ್ಜಿ ಕೊಡ್ಲಕ್ಕಾ?"

"ನಾಳೆಯೇ ಕೊಡ್," ಎಂದಳು ಅವಳು. "ನಾನ್ ಇನ್ನೂ ಇಲ್ಲೇ ಇದ್ರೆ ಸಹಿ ಹಾಕ್ತೆ."