ಮೋನಾ ಅಳುವ ಲೆಕ್ಕ

"ಹದಿನಾಲ್ಕನೇದನ್ನ ಮಾತ್ರ ಬಿಡ್ಬೇಡಿ, ಪರೀಕ್ಷೆಗೆ ಬಂದೇ ಬರುತ್ತೆ," ಅಂದರು ಭೌತಶಾಸ್ತ್ರದ ಮೇಷ್ಟ್ರು. "ಅದೇ ಕಣ್ರೋ, ಮೋನಾ ಅಳೋ ಲೆಕ್ಕ."

ತರಗತಿಯೆಲ್ಲ ನಕ್ಕಿತು. ನಾನೊಬ್ಬಳೇ ನಗಲಿಲ್ಲ.

ನನ್ನ ಹೆಸರು ರಮೋನಾ. ನನ್ನನ್ನು ಮೋನಾ ಎಂದು ಕರೆಯುತ್ತಿದ್ದವನು ಈ ಲೋಕದಲ್ಲಿ ಒಬ್ಬನೇ ಇದ್ದ. ಅವನು ಹೋಗಿ ಇಪ್ಪತ್ತೆರಡು ವರ್ಷವಾಗಿತ್ತು.

ಪಕ್ಕದಲ್ಲಿ ಕೂತಿದ್ದ ಮಿಲಾಗ್ರೋಸ್‌ಳನ್ನು ಮೊಣಕೈಯಿಂದ ತಿವಿದೆ. ಹತ್ತೊಂಬತ್ತರ ಹುಡುಗಿ, ಚೂಯಿಂಗ್ ಗಮ್ ಅಗಿಯುತ್ತಲೇ ಲೆಕ್ಕ ಮಾಡುವವಳು.

"ಯಾರೇ ಅದು ಮೋನಾ?"

"ಅಯ್ಯೋ ದೋನ್ಯಾ ರಮೋನಾ, ಅಷ್ಟೂ ಗೊತ್ತಿಲ್ವಾ? ಪುಟದ ಅಂಚು ನೋಡಿ. ಅಲ್ಲೆಲ್ಲ ಬರ್ದಿರೋದು ನಮ್ಮ ದಿವಂಗತ."

"ಯಾವ ದಿವಂಗತ?"

"ಯಾರಿಗ್ಗೊತ್ತು! ನಮ್ಮಕ್ಕ ಓದೋವಾಗ್ಲೂ ಇದ್ದ. ಕಷ್ಟದ ಲೆಕ್ಕ ಬಂದಲ್ಲೆಲ್ಲ ಪಕ್ಕದಲ್ಲಿ ಏನಾದ್ರೂ ಹೇಳಿರ್ತಾನೆ. ಅವನು ಹೇಳಿದ್ ಹಾಗೆ ಮಾಡಿದ್ರೆ ಪಾಸು. ಸತ್ತಿರ್ಲೇಬೇಕು ಪಾಪ. ಬದುಕಿದ್ದಿದ್ರೆ ಇಷ್ಟು ಹೊತ್ತಿಗೆ ನಾನೇ ಹುಡುಕ್ಕೊಂಡು ಹೋಗಿ ಮದುವೆ ಆಗ್ತಿದ್ದೆ."

ಸಾಂತಾ ಫೆಯ ಫೆಬ್ರವರಿ. ಸಂಜೆ ಆರಾದರೂ ಫ್ಯಾನು ಬಿಸಿಗಾಳಿಯನ್ನೇ ಮಗುಚುತ್ತಿತ್ತು. ವಿಶ್ವವಿದ್ಯಾಲಯದ ಒಳಗೆ ಕಾಲಿಡಬೇಕಾದರೆ ಮೊದಲು ಈ ಪ್ರವೇಶ ತರಗತಿ ದಾಟಬೇಕು. ಭೌತಶಾಸ್ತ್ರ ಒಂದು, ಬರವಣಿಗೆ ಇನ್ನೊಂದು. ಎರಡರಲ್ಲೂ ಹತ್ತಕ್ಕೆ ಆರು ಬಂದವರು ಒಳಗೆ, ಬಾರದವರು ಮುಂದಿನ ವರ್ಷಕ್ಕೆ. ನನಗೆ ಅರವತ್ತಾರು. ಅಕ್ಷರ ಕಲಿತದ್ದೇ ಮೂವತ್ತು ದಾಟಿದ ಮೇಲೆ, ರಾತ್ರಿ ಶಾಲೆಯಲ್ಲಿ. ತಡವಾಗಿ ಬರುವುದು ನನಗೆ ಹೊಸತಲ್ಲ.

ನಮ್ಮಲ್ಲಿ ಭೌತಶಾಸ್ತ್ರದ ಪುಸ್ತಕವನ್ನು ಯಾರೂ ಅಂಗಡಿಯಲ್ಲಿ ಕೊಳ್ಳುವುದಿಲ್ಲ. ಗೇಟಿನ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಲೆಕ್ಕಗಳ ಕಟ್ಟು ಸಿಗುತ್ತದೆ. ಯಾವುದೋ ವರ್ಷದ ಯಾವನೋ ವಿದ್ಯಾರ್ಥಿಯ ಪ್ರತಿ, ಅದರ ಪ್ರತಿ, ಆ ಪ್ರತಿಯ ಪ್ರತಿ. ಅವನು ಅಂಚಿನಲ್ಲಿ ಗೀಚಿದ್ದೂ ಜೊತೆಗೇ ಬರುತ್ತದೆ. ನಾನು ಅಂದೇ ಮಧ್ಯಾಹ್ನ ಕಟ್ಟು ತಂದಿದ್ದೆ. ಇನ್ನೂ ಬಿಡಿಸಿರಲಿಲ್ಲ.

ಬಿಡಿಸಿದೆ. ಹದಿನಾಲ್ಕನೇ ಲೆಕ್ಕ. ಇನ್ನೂರು ಮೀಟರ್ ಅಗಲದ ನದಿ, ಅಡ್ಡ ಹೊರಟ ದೋಣಿ. ಪಕ್ಕದಲ್ಲಿ ಕೈಯಲ್ಲಿ ಬರೆದ 14, ಅದರಡಿ ಮಸುಕಾದ ಅಕ್ಷರಗಳು. ನಾಲ್ಕರ ಅಂಕಿಯನ್ನು ಹಾಯಿ ಕಟ್ಟಿದ ದೋಣಿಯಂತೆ ತುದಿ ಮುಚ್ಚಿ ಬರೆಯುತ್ತಿದ್ದವನು ಅವನೊಬ್ಬನೇ.

*ಮೋನಾ ಇಲ್ಲಿ ಅಳುತ್ತಾಳೆ. ಪೆನ್ನು ಕಿತ್ತುಕೊ, ಮಾಟೆ ಕೊಡು. ಅವಳು ಹೊಡೆದುಹಾಕಿದ್ದನ್ನು ಇನ್ನು ಬಾಯಲ್ಲೇ ಕೇಳಬೇಕು:*

ಅಷ್ಟೇ. ಎರಡು ಚುಕ್ಕಿಯ ಆಚೆ ಜೆರಾಕ್ಸ್ ಯಂತ್ರದ ಕಪ್ಪು ಪಟ್ಟಿ. ಮಾತು ಅಲ್ಲಿಗೆ ತುಂಡಾಗಿತ್ತು.

"ದೋನ್ಯಾ, ಏನಾಯ್ತು? ನೀರು ಬೇಕಾ?" ಅಂದಳು ಮಿಲಾಗ್ರೋಸ್.

ನೀರೆಂದರೆ ನನಗೆ ಆಗದು ಎಂದು ಅವಳಿಗೆ ಗೊತ್ತಿರಲಿಲ್ಲ.

*

ಅನ್ಸೆಲ್ಮೊ ಮೋಟಾರು ವೈಂಡಿಂಗ್ ಮಾಡುವವನು. ಹತ್ತಿರ ಬಂದರೆ ವಾರ್ನಿಷಿನ ವಾಸನೆ. ಹೆಂಡತಿ ತೀರಿದ್ದಳು. ನಾನೂ ಗಂಡನನ್ನು ಕಳೆದುಕೊಂಡವಳು. ರಾತ್ರಿ ಶಾಲೆಯಲ್ಲಿ ಒಂದೇ ಬೆಂಚು ಸಿಕ್ಕಿತು. ಶಾಲೆ ಮುಗಿಸಿ ಇಬ್ಬರೂ ಈ ಪ್ರವೇಶ ತರಗತಿಗೇ ಸೇರಿದೆವು. ಅವನಿಗೆ ಭೌತಶಾಸ್ತ್ರ ಕೈಯಲ್ಲೇ ಇತ್ತು, ಬರೆಯಲು ಕೂತರೆ ಬೆವರುತ್ತಿದ್ದ. ನಾನು ಬರೆಯಬಲ್ಲೆ, ಲೆಕ್ಕದಲ್ಲಿ ಬಾಣದ ಗುರುತು ಕಂಡರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಹಾಗಾಗಿ ಒಪ್ಪಂದವಾಯಿತು. ಶನಿವಾರ ಮಧ್ಯಾಹ್ನ ನನ್ನ ಅಡುಗೆಮನೆ. ಒಂದು ಗಂಟೆ ಅವನು ಮೇಷ್ಟ್ರು, ಒಂದು ಗಂಟೆ ನಾನು.

ಅಡುಗೆಮನೆಯಲ್ಲಿ ಎರಡು ಕುರ್ಚಿ. ಒಂದು ಕುಂಟು. ಅವನು ಯಾವಾಗಲೂ ಕುಂಟಿನ ಮೇಲೇ ಕೂರುವನು. ಯೋಚಿಸುವಾಗ ಹಿಂದೆ ಮುಂದೆ ಮಾಡಿದರೆ, ಟಕ್. ಉತ್ತರ ಹೊಳೆದರೆ ಮತ್ತೆ, ಟಕ್.

"ಕಾಲಿಗೆ ಒಂದು ಚಕ್ಕೆ ಇಡ್ತೀನಿ ಅಂದ್ರೆ ಬಿಡಲ್ಲ ನೀನು," ಅನ್ನುತ್ತಿದ್ದೆ.

"ಇರ್ಲಿ ಬಿಡು. ನಾನು ಬಂದಿದೀನಿ ಅಂತ ನಿಂಗೆ ಕೇಳಿಸ್ಬೇಕಲ್ಲ."

ಹದಿನಾಲ್ಕನೇ ಲೆಕ್ಕದಲ್ಲಿ ನಾನು ನಿಜಕ್ಕೂ ಅತ್ತೆ. ದೋಣಿಯ ಮೂತಿ ನೇರ ಎದುರು ದಡಕ್ಕಿದೆ. ಆದರೆ ತಲುಪುವುದು ನೂರೈವತ್ತು ಮೀಟರ್ ಕೆಳಗೆ. ಯಾಕೆ? ಅವನು ನನ್ನ ಕೈಯಿಂದ ಪೆನ್ನು ಕಿತ್ತುಕೊಂಡ. ಮೇಜಿನ ಮೇಲಿನ ಬಟ್ಟೆ ಸರಿಮಾಡಿದ. ಮಾಟೆ ಎಲೆ ತುಂಬಿದ ಸೋರೆ ಬುರುಡೆಗೆ ಬಿಸಿನೀರು ಹುಯ್ದು ನನ್ನ ಮುಂದಿಟ್ಟ; ನಮ್ಮ ಕಡೆಯ ಚಹಾ ಅದು.

"ಇದು ದೋಣಿ. ಬಟ್ಟೆ ನದಿ. ನೀನು ನೇರ ನನ್ನ ಕಡೆಗೇ ತಳ್ಳು. ಕಣ್ಣು ನನ್ನ ಮೇಲೇ ಇರ್ಲಿ, ಕಳ್ಳಿ, ಬುರುಡೆ ನೋಡ್ಬೇಡ."

"ನಿನ್ನ ಮುಖದಲ್ಲಿ ಏನಿದೆ ನೋಡೋಕೆ?"

"ಎದುರು ದಡ."

ತಳ್ಳಿದೆ. ಅವನು ಬಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಎಳೆದ. ಬುರುಡೆ ಅವನ ಕೈ ಸೇರದೆ ಸಕ್ಕರೆ ಡಬ್ಬಿಗೆ ಹೋಗಿ ತಾಗಿತು. ನನ್ನ ಕಣ್ಣು ಅವನನ್ನು ಬಿಟ್ಟಿರಲಿಲ್ಲ. ಅವನ ಕಿವಿ ಕೆಂಪಾದದ್ದನ್ನು ನೋಡಿದೆ. ನಲವತ್ತೆಂಟರ ಗಂಡಸಿನ ಕಿವಿ ಹಾಗೆ ಕೆಂಪಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

"ಈಗ ಹೇಳು ಮೋನಾ. ನನ್ನ ಹತ್ರಾನೇ ಬರ್ಬೇಕು ಅಂದ್ರೆ ಮೂತಿ ಯಾವ ಕಡೆ ಇರ್ಬೇಕು?"

"ಸ್ವಲ್ಪ ಮೇಲಕ್ಕೆ. ಹರಿವಿಗೆ ಎದುರಾಗಿ."

"ನೋಡು, ಬರುತ್ತೆ ನಿಂಗೆ. ಸುಮ್ನೆ ಅಳ್ತೀಯ."

ಅದಾದ ಮುಂದಿನ ಶನಿವಾರ ನನ್ನ ಸರದಿ. ಬರವಣಿಗೆಯ ತರಗತಿಯಲ್ಲಿ ಒಂದು ಕೆಲಸವನ್ನು ಹಂತಹಂತವಾಗಿ ವಿವರಿಸಿ ಬರೆಯಲು ಕೊಟ್ಟಿದ್ದರು. ಅವನು ಮಾಟೆಗೆ ನೀರು ಕಾಯಿಸುವುದನ್ನು ಬರೆದು ತಂದಿದ್ದ. ಕುದಿಯಬಾರದು, ಎಂಬತ್ತು ಡಿಗ್ರಿಯಾದೊಡನೆ ಒಲೆಯಿಂದ ಇಳಿಸಬೇಕು, ಕೆಟಲು ಹಾಡಲು ತೊಡಗುವ ಮುನ್ನ. ಚೆನ್ನಾಗಿತ್ತು. ನನ್ನ ಕೈಯಲ್ಲಿ ಕೆಂಪು ಪೆನ್ನು. ಕೊನೆಯ ಪ್ಯಾರಾ ಹೀಗೆ ಶುರುವಾಗಿತ್ತು: ನೀರು ಕಾಯುವಷ್ಟು ಹೊತ್ತು ಎದುರಿಗೆ ಕೂತವಳು...

ವಿವರಣೆಯಲ್ಲಿ ಬರೆಯುವವನ ಮನಸ್ಸು ಇಣುಕಬಾರದು ಎಂದು ಆ ವಾರವಷ್ಟೇ ಕಲಿಸಿದ್ದರು. ಕಲಿತದ್ದನ್ನು ಮಾಡಿ ತೋರಿಸುವ ಆತುರ ನನಗೆ. ಮುಂದೆ ಓದಲೇ ಇಲ್ಲ. ಮೇಲಿಂದ ಕೆಳಗಿನವರೆಗೆ ಓರೆಗೆರೆ ಎಳೆದು ಪಕ್ಕದಲ್ಲಿ ಬರೆದೆ: *ವಿಷಯಕ್ಕೆ ಸಂಬಂಧವಿಲ್ಲ. ತೆಗೆಯಿರಿ.*

ಅವನು ಕಾಗದ ಎತ್ತಿಕೊಂಡ. ಕುರ್ಚಿ ಟಕ್ ಎನ್ನಲಿಲ್ಲ. ನಾಲ್ಕು ಮಡಿಕೆ ಮಡಿಚಿ ಅಂಗಿಯ ಜೇಬಿಗಿಟ್ಟ.

"ಟೀಚರಮ್ಮ ಹೇಳಿದ್ಮೇಲೆ ಮುಗೀತು," ಎಂದು ನಕ್ಕ.

"ಬೇಜಾರಾಯ್ತಾ?"

"ಛೆ, ಛೆ. ಬರಹದಲ್ಲಿ ನಾನು ದಡ್ಡ ಅಂತ ಗೊತ್ತಲ್ಲ. ಬೇರೆ ದಾರಿ ನೋಡ್ಕೋತೀನಿ."

ಮಂಗಳವಾರ ಸಲಾದೊ ನದಿ ಊರೊಳಗೆ ಬಂತು. ಪಶ್ಚಿಮದ ನಮ್ಮ ಬಡಾವಣೆಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಸೊಂಟದವರೆಗೆ ನೀರು, ಸಂಜೆಗೆ ಮಾಡಿನವರೆಗೆ. ಅನ್ಸೆಲ್ಮೊ ನನ್ನನ್ನು ಎತ್ತರದ ಕಡೆ ಹೋಗುವ ಲಾರಿಗೆ ಹತ್ತಿಸಿದ. ತಾನು ಪಕ್ಕದವರ ದೋಣಿ ತೆಗೆದುಕೊಂಡು ಮಾಡಿನ ಮೇಲೆ ಕೂತವರನ್ನು ಇಳಿಸಲು ಹಿಂದಕ್ಕೆ ಹೋದ.

"ಪರೀಕ್ಷೆ ಮುಂದೆ ಹಾಕ್ತಾರೆ ಬಿಡು," ಎಂದು ಕೂಗಿದ. "ಓದ್ಕೋ!"

ಎರಡನೆಯ ದಿನ, ಎರಡು ಬೀದಿಗಳ ನೀರು ಕೂಡುವ ಮೂಲೆಯಲ್ಲಿ ದೋಣಿ ಮಗುಚಿತು. ಹರಿವಿನ ಲೆಕ್ಕ ಅವನಷ್ಟು ಬಲ್ಲವರು ಆ ಬಡಾವಣೆಯಲ್ಲಿ ಯಾರೂ ಇರಲಿಲ್ಲ.

ನೀರು ಇಳಿದ ಮೇಲೆ ಮನೆಗೆ ಹೋದೆ. ಅವನು ಬರೆದುಕೊಟ್ಟ ಲೆಕ್ಕಗಳು, ಚೀಟಿಗಳು, ಎಲ್ಲ ಇದ್ದ ತಗಡಿನ ಪೆಟ್ಟಿಗೆಯಲ್ಲಿ ಒಂದು ಮುದ್ದೆ ಕೆಸರು. ಕುರ್ಚಿಗಳೂ ಹೋಗಿದ್ದವು. ಆ ವರ್ಷದ ಪರೀಕ್ಷೆಗೆ ನಾನೂ ಕೂರಲಿಲ್ಲ. ಅವನ ಕೈಯ ಒಂದು ಅಕ್ಷರವೂ ನನ್ನಲ್ಲಿ ಉಳಿಯಲಿಲ್ಲ. ಉಳಿದದ್ದು ನಾನು ಎಳೆದ ಕೆಂಪು ಗೆರೆ. ಅದು ಕಣ್ಣು ಮುಚ್ಚಿದರೂ ಕಾಣುತ್ತಿತ್ತು. ಅದರ ಅಡಿಯಲ್ಲಿ ಏನಿತ್ತು? ಇಪ್ಪತ್ತೆರಡು ವರ್ಷ ಅದೊಂದೇ ಪ್ರಶ್ನೆ. ಆಮೇಲೆ ಕೊಂಡ ನಾಲ್ಕು ಕುರ್ಚಿಗಳಲ್ಲಿ ಒಂದೂ ಕುಂಟಲ್ಲ. ಆದರೂ ಮಧ್ಯಾಹ್ನ ಮಲಗಿದರೆ ಅಡುಗೆಮನೆಯಿಂದ ಟಕ್ ಎನ್ನುತ್ತಿತ್ತು. ಎದ್ದು ಹೋಗಿ ನೋಡುವುದನ್ನು ಬಹಳ ಹಿಂದೆಯೇ ಬಿಟ್ಟಿದ್ದೆ.

*

ಮರುದಿನ ಬಾಗಿಲು ತೆರೆಯುವ ಮೊದಲೇ ಜೆರಾಕ್ಸ್ ಅಂಗಡಿಯ ಮುಂದೆ ನಿಂತಿದ್ದೆ. ಅಂಗಡಿಯ ಪೆಟ್ರೋನಾ ನನ್ನ ವಾರಿಗೆಯವಳು. ಟೋನರಿನಿಂದ ಕಪ್ಪಾದ ಬೆರಳು, ಕೊರಳಲ್ಲಿ ನೇತಾಡುವ ಕನ್ನಡಕ.

"ಪುಟ ಸರಿಯಾಗಿ ಬಂದಿಲ್ವಾ ದೋನ್ಯಾ? ಎಲ್ರಿಗೂ ಹಾಗೇ ಬರೋದು. ವಾಪಸ್ ತಗೊಳ್ಳಲ್ಲ."

"ವಾಪಸ್ ಬೇಡ. ಮೂಲ ಪ್ರತಿ ನೋಡ್ಬೇಕು. ಹದಿನಾಲ್ಕನೇ ಲೆಕ್ಕದ ಪುಟ."

"ಮೂಲ ಯಾರಿಗೂ ತೋರ್ಸಲ್ಲ. ಅದೇ ನನ್ನ ಅನ್ನ."

"ಅದನ್ನ ಬರ್ದವನು ಅನ್ಸೆಲ್ಮೊ ಬ್ರಿಸುವೇಲಾ. ನಾನು ಮೋನಾ."

ಪೆಟ್ರೋನಾ ಕನ್ನಡಕ ಹಾಕಿಕೊಂಡಳು. ನನ್ನನ್ನು ಬಹಳ ಹೊತ್ತು ನೋಡಿದಳು.

"ಅಳೋ ಮೋನಾ?"

"ಹೂಂ. ಅದೇ ಮೋನಾ."

ಅವಳು ಸ್ಟೂಲು ಎಳೆದುಕೊಂಡು ಕೂತಳು. "ದೇವರೇ. ವಾರ್ನಿಷ್ ವಾಸನೆ ಬರ್ತಿತ್ತು ಆ ಮನುಷ್ಯನ ಹತ್ರ, ಅಲ್ವಾ? ಪ್ರವಾಹದ ಹಿಂದಿನ ದಿನ, ಸೋಮವಾರ. ನನ್ನ ಪ್ರತಿ ಹರಿದುಹೋಗಿತ್ತು. ನಿಮ್ದು ನೀಟಾಗಿದೆ, ಒಂದು ದಿನಕ್ಕೆ ಕೊಡಿ ಸ್ವಾಮಿ ಅಂದೆ. ನಾಳೆ ಬಂದು ತಗೋತೀನಿ, ಅಂಚಿನಲ್ಲಿ ನಂದೊಂದು ಮುಖ್ಯವಾದ ವಿಷಯ ಇದೆ, ಕಳೀಬೇಡಿ ಅಂದ್ರು. ಬರ್ಲೇ ಇಲ್ಲ. ಬೇಜಾರಲ್ಲಿ ಓದು ಬಿಟ್ರೇನೋ ಅಂದ್ಕೊಂಡೆ..." ನನ್ನ ಮುಖ ನೋಡಿ ಅವಳು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು.

ಗಲ್ಲಾದ ಅಡಿಯಿಂದ ರಟ್ಟಿನ ಪೆಟ್ಟಿಗೆ ತೆಗೆದಳು. ಹಳದಿಯಾದ ಕಟ್ಟು. ನಾನು ಕೈ ಒರೆಸಿಕೊಂಡು ಬಿಡಿಸಿದೆ.

ಪೆನ್ಸಿಲ್ ಗೆರೆಯ ತಗ್ಗು ಬೆರಳಿಗೆ ಸಿಕ್ಕಿತು. ಅವನು ಒತ್ತಿ ಬರೆಯುವವನು. ಎರಡು ಚುಕ್ಕಿಯ ನಂತರ, ಯಂತ್ರದ ಗಾಜು ತಲುಪದ ತುದಿಯಲ್ಲಿ, ಅಕ್ಷರಗಳು ಕಿರಿದಾಗಿ, ಇಕ್ಕಟ್ಟಾಗಿ ಕೆಳಗಿಳಿದಿದ್ದವು.

*ಪರೀಕ್ಷೆ ಆದ ಮೇಲೆ ನನ್ನ ಕುರ್ಚಿಯನ್ನು ನಿನ್ನ ಅಡುಗೆಮನೆಗೆ ತಂದುಬಿಡಲೇ? ಕುಂಟಲ್ಲ. ಗಟ್ಟಿಯಾಗಿದೆ. ಇನ್ನು ಹಿಂದಕ್ಕೆ ಒಯ್ಯುವುದಿಲ್ಲ.*

ಪೆಟ್ರೋನಾ ತಲೆ ಬೇರೆ ಕಡೆ ತಿರುಗಿಸಿ ಕಾಗದದ ರೀಮುಗಳನ್ನು ಸುಮ್ಮನೆ ಜೋಡಿಸಿದಳು. ಆಮೇಲೆ ಹೇಳಿದಳು. "ನಿಮ್ದೇ ಅದು. ತಗೊಂಡ್ಹೋಗಿ."

"ಈಗ ಬೇಡ. ಪರೀಕ್ಷೆ ಆದ್ಮೇಲೆ ಅಂತ ಹೇಳಿದಾನೆ. ಪರೀಕ್ಷೆ ಆದ್ಮೇಲೆ ಬರ್ತೀನಿ."

ಅಂಚು ಕತ್ತರಿಸದ ಒಂದು ಪ್ರತಿ ಮಾತ್ರ ಮಾಡಿಸಿಕೊಂಡು ಮನೆಗೆ ಹೋದೆ. ಪರೀಕ್ಷೆಗೆ ಉಳಿದಿದ್ದ ಮೂರು ವಾರ ನಾನು ಓದಿದಂತೆ ಯಾವತ್ತೂ ಓದಿದವಳಲ್ಲ. ಒಬ್ಬಳೇ ಓದಿದೆ ಎಂದರೆ ಸುಳ್ಳಾಗುತ್ತದೆ. ಒಂಬತ್ತನೇ ಲೆಕ್ಕದ ಪಕ್ಕ *ಮೊದಲು ಚಿತ್ರ ಬರಿ, ಆಮೇಲೆ ಗಾಬರಿಪಡು* ಅಂದಿದ್ದ. ಇಪ್ಪತ್ತೊಂದರ ಪಕ್ಕ *ಇದು ನನಗೂ ಬರಲಿಲ್ಲ, ಒಂದು ಅಲ್ಫಾಹೋರ್ ಬಿಸ್ಕತ್ತು ತಿಂದು ಬಾ.* ಮಿಲಾಗ್ರೋಸ್ ಭಾನುವಾರಗಳಲ್ಲಿ ಮನೆಗೆ ಬಂದಳು. ನಾನು ಅವಳ ಪ್ರಬಂಧ ತಿದ್ದಿದೆ, ಪೆನ್ಸಿಲಿನಲ್ಲಿ, ಕೊನೆಯ ಅಕ್ಷರದವರೆಗೆ ಓದಿದ ಮೇಲೆ.

"ಈ ಪ್ಯಾರಾ ವಿಷಯಕ್ಕೆ ಹೊಂದಲ್ಲ ಅಂತ ನಂಗೇ ಗೊತ್ತು ದೋನ್ಯಾ, ಹೊಡೆದುಹಾಕಿ," ಅಂದಳು ಒಮ್ಮೆ.

"ಹೊಡೆಯಲ್ಲ. ಅದನ್ನ ಯಾರಿಗೆ ಬರ್ದಿದೀಯೋ ಅವನಿಗೆ ಹೋಗಿ ಕೊಡು."

ಅವಳ ಕಿವಿ ಕೆಂಪಾಯಿತು. ಆಗಲೇ ಅಡುಗೆಮನೆಯಿಂದ ಟಕ್ ಅಂತು.

"ಏನದು?" ಅಂದಳು ಬೆಚ್ಚಿ.

ಇಪ್ಪತ್ತೆರಡು ವರ್ಷದಲ್ಲಿ ಅದು ಇನ್ನೊಬ್ಬರ ಕಿವಿಗೂ ಬಿದ್ದದ್ದು ಅದೇ ಮೊದಲು. "ಏನಿಲ್ಲ. ಉತ್ತರ ಸರಿ ಅಂತ," ಅಂದೆ.

ಪರೀಕ್ಷೆಯಲ್ಲಿ ದೋಣಿ ಬಂದೇ ಬಂತು. ಎದುರು ದಡದ ಗುರುತಿಗೇ ನೇರ ತಲುಪಬೇಕಾದರೆ ಮೂತಿ ಎತ್ತ? ಚಿತ್ರ ಬರೆದೆ. ಹರಿವಿಗೆ ಎದುರಾಗಿ, ಐವತ್ತು ಡಿಗ್ರಿಗೆ ಒಂದಿಷ್ಟು ಕಡಿಮೆ. ಕಣ್ಣು ತುಂಬಿ ಕಾಗದ ಒದ್ದೆಯಾಯಿತು. ಮೇಷ್ಟ್ರು ನೋಡಿಯೂ ನೋಡದಂತೆ ದಾಟಿಹೋದರು. ಗೋಡೆಗೆ ಫಲಿತಾಂಶ ಅಂಟಿಸಿದ ದಿನ ಮಿಲಾಗ್ರೋಸ್ ಕಿರುಚಿ ನನ್ನನ್ನು ತಬ್ಬಿಕೊಂಡಳು. ಬರವಣಿಗೆ ಒಂಬತ್ತು. ಭೌತಶಾಸ್ತ್ರ ಆರು. ಒಂದು ಅಂಕ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಅಲ್ಲಿಂದ ನೇರ ಪೆಟ್ರೋನಾಳ ಅಂಗಡಿಗೆ ನಡೆದೆ. ಅವಳು ಏನೂ ಕೇಳದೆ ಪೆಟ್ಟಿಗೆ ತೆಗೆದಳು.

"ಪೆನ್ಸಿಲ್ ಕೊಡ್ತೀಯಾ?"

ಅವನ ಸಾಲಿನ ಕೆಳಗೆ ಬೆರಳಗಲ ಜಾಗವಿತ್ತು. ಒತ್ತಿ ಬರೆದೆ.

*ತಗೊಂಡು ಬಾ. ಜಾಗ ಮಾಡಿಟ್ಟಿದೀನಿ. ಮೋನಾ.*

ಪುಟವನ್ನು ಅವಳತ್ತ ಚಾಚಿದೆ.

"ನಿಮ್ಮ ಹತ್ರಾನೇ ಇಟ್ಕೊಳ್ಳಲ್ವಾ?" ಅಂದಳು.

"ಇಲ್ಲೇ ಇರ್ಲಿ. ಮುಂದಿನ ವರ್ಷದ ಮಕ್ಳಿಗೆ ಬೇಕಲ್ಲ. ಅಂಚು ಮಾತ್ರ ಕತ್ತರಿಸ್ಬೇಡ."

ಪೆಟ್ರೋನಾ ಹಾಳೆಯನ್ನು ಗಾಜಿನ ಮೇಲಿಟ್ಟಳು. ಎಡಕ್ಕೆ ಸರಿಸಿದಳು, ಬಗ್ಗಿ ನೋಡಿದಳು, ಇನ್ನೊಂದು ಕೂದಲೆಳೆಯಷ್ಟು ಸರಿಸಿದಳು. ಬೆಳಕು ಅವನ ಅಕ್ಷರಗಳ ಅಡಿಯಿಂದ ಹೊರಟು ನನ್ನ ಅಕ್ಷರಗಳನ್ನು ದಾಟಿತು. ಹೊರಬಂದ ಹಾಳೆಯನ್ನು ಎತ್ತಿ ನನ್ನ ಕೈಗಿತ್ತಳು. ಒಂದೂ ಅಕ್ಷರ ತುಂಡಾಗಿರಲಿಲ್ಲ. ಕಾಗದ ಇನ್ನೂ ಬೆಚ್ಚಗಿತ್ತು, ಈಗಷ್ಟೇ ಯಾರೋ ಎದ್ದುಹೋದ ಕುರ್ಚಿಯ ಹಾಗೆ.